ಕಸುವಿರುವ ಬಫರ್ ಮಾಡುವುದು ಹೇಗೆ?

ಬೆಂಗಳೂರಿನ ಕಾಲೇಜು ವಿಜ್ಞಾನ ಪ್ರದರ್ಶನಗಳಲ್ಲಿ ಬಫರ್ ದ್ರಾವಣದ ಮೇಜು ಆಗಾಗ ಕಾಣಸಿಗುತ್ತದೆ. ಸ್ವಲ್ಪ ಆಮ್ಲವೋ ಕ್ಷಾರವೋ ಬಿದ್ದರೂ ಪಿಎಚ್ (ಆಮ್ಲತೆಯ ಅಳತೆ) ಹೆಚ್ಚು ಬದಲಾಗದ ದ್ರಾವಣವೇ ಬಫರ್. ಪಿಎಚ್ ಮೀಟರ್‌ನಲ್ಲಿ ಬೇಕಾದ 4.7 ಕಂಡ ಕೂಡಲೇ ಹುಡುಗರು 'ಆಯ್ತು' ಅಂದುಬಿಡುತ್ತಾರೆ. ಸ್ವಲ್ಪ ಆಮ್ಲ ಬೀಳುತ್ತಿದ್ದಂತೆ ಪಿಎಚ್ ಜರ್ರನೆ ಜಾರುತ್ತದೆ. ಪಿಎಚ್ ಸರಿ ಇರುವುದು ಬೇರೆ, ಅದನ್ನು ಹಿಡಿದು ನಿಲ್ಲಿಸುವ ಕಸುವು ಬೇರೆ. ಆ ಕಸುವೇ ಬಫರ್ ಸಾಮರ್ಥ್ಯ. ದುರ್ಬಲ ಆಮ್ಲವೂ ಅದರ ಲವಣವೂ ಸಾಕಷ್ಟು ಇರಬೇಕು, ಎರಡೂ ಹೆಚ್ಚುಕಡಿಮೆ ಸಮ ಇರಬೇಕು.

ಆಯ್ಕೆ: ಮೊದಲ ಸಲಕ್ಕೆ ಅಸಿಟಿಕ್ ಆಮ್ಲವೂ ಅದರ ಲವಣ ಸೋಡಿಯಂ ಅಸಿಟೇಟೂ ಸೇರಿದ ಅಸಿಟೇಟ್ ಬಫರನ್ನೇ ಮಾಡಿ. ಅಸಿಟಿಕ್ ಆಮ್ಲದ ಪಿಕೆಎ (ಆಮ್ಲವೂ ಲವಣವೂ ಸಮ ಇರುವಾಗಿನ ಪಿಎಚ್) 4.76, ಅದರ ಆಚೀಚೆ ಒಂದು ಪಿಎಚ್‌ವರೆಗೆ ಕೆಲಸಕ್ಕೆ ಬರುತ್ತದೆ. ಪಿಎಚ್ 7 ಬೇಕಾದರೆ ಫಾಸ್ಫೇಟ್.

ತೂಕ: 500 ಮಿ.ಲೀ.ಗೆ 3.40 ಗ್ರಾಂ ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್, 1.44 ಮಿ.ಲೀ. ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ. ಅಸಿಟೇಟ್ ಡಬ್ಬಿಯ ಮೇಲೆ 'ಅನ್‌ಹೈಡ್ರಸ್' (ಹರಳಿನೊಳಗೆ ನೀರಿಲ್ಲದ್ದು) ಎಂದಿದ್ದರೆ 2.05 ಗ್ರಾಂ ಸಾಕು. ಕೈಗೆ ಗ್ಲೌಸ್, ಕಿಟಕಿ ತೆರೆದಿರಲಿ. ಈ ಆಮ್ಲ 16.6 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ನಮ್ಮೂರ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯೊಳಗೆ ಹರಳು ಕಂಡರೆ ಉಗುರುಬೆಚ್ಚನೆ ನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಆಮೇಲೆ ಅಳೆಯಿರಿ.

ವಿನೆಗರ್‌ಗೆ ಅಡುಗೆ ಸೋಡಾ ಹಾಕಿ ಮುಗಿಸುವವರೂ ಇದ್ದಾರೆ. ಬೇಡ. ನೀರಿನಲ್ಲಿ ಉಳಿಯುವ ಇಂಗಾಲದ ಡೈಆಕ್ಸೈಡ್‌ನಿಂದ ಮೀಟರ್ ಒಂದು ಕಡೆ ನಿಲ್ಲುವುದಿಲ್ಲ.

ಪಿಎಚ್ ಕೂಡಿಸುವುದು: ಕೆಲಸ ಕೆಡುವುದು ಇಲ್ಲೇ. ಮೊದಲೇ 500ರ ಗೆರೆವರೆಗೆ ನೀರು ತುಂಬಬೇಡಿ. 400 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಅಸಿಟೇಟ್, ಆಮ್ಲ ಎರಡನ್ನೂ ಕರಗಿಸಿ. ಮೀಟರನ್ನು ಪಿಎಚ್ 7 ಮತ್ತು 4ರ ದ್ರಾವಣಗಳಲ್ಲಿ ಕ್ಯಾಲಿಬ್ರೇಟ್ ಮಾಡಿ. ಒಂದೇ ಬಿಂದುವಿಗೆ ಹೊಂದಿಸುವ ಅಗ್ಗದ ಪೆನ್ ಮೀಟರ್‌ಗಳನ್ನು ನಾನಂತೂ ನಂಬುವುದಿಲ್ಲ. ಎಲೆಕ್ಟ್ರೋಡನ್ನು ತೊಳೆದು ಟಿಶ್ಯೂ ತಾಗಿಸಿ ನೀರು ತೆಗೆಯಿರಿ, ಉಜ್ಜಬೇಡಿ. ಪಿಎಚ್ ಗುರಿಯಾದ 4.7ಕ್ಕಿಂತ ಕಡಿಮೆ ಇದ್ದರೆ 1 ಮೋಲಾರ್ (ಲೀಟರಿಗೆ ಒಂದು ಮೋಲ್) ಸೋಡಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿ, ಕಲಕಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಇಲ್ಲಿ ತಾಳ್ಮೆ ಕೆಟ್ಟವರೇ ಜಾಸ್ತಿ. ಅಂಕಿ ಇನ್ನೂ ಏರುತ್ತಿರುವಾಗಲೇ ಮತ್ತೊಂದು ಹನಿ, ಇನ್ನೊಂದು ಹನಿ. ಗುರಿ ದಾಟಿದರೆ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕೈಹಾಕಬೇಡಿ, ಸುಮ್ನೆ ಉಪ್ಪು ಸೇರುತ್ತದೆ. ಅಸಿಟಿಕ್ ಆಮ್ಲದ ಹನಿಯಿಂದಲೇ ಇಳಿಸಿ. ತುಂಬಾ ದಾಟಿದ್ದರೆ ಚೆಲ್ಲಿ ಹೊಸದಾಗಿ ಮಾಡಿ. ಕೊನೆಗೆ 500ಕ್ಕೆ ನೀರು ತುಂಬಿ.

ಕಸುವಿನ ಪರೀಕ್ಷೆ: ಮೂರು ಬೀಕರ್‌ಗಳಿಗೆ ತಲಾ 100 ಮಿ.ಲೀ.: ಒಂದಕ್ಕೆ ಬಫರ್, ಇನ್ನೊಂದಕ್ಕೆ ಹತ್ತು ಪಟ್ಟು ತೆಳು ಮಾಡಿದ ಅದೇ ಬಫರ್, ಮತ್ತೊಂದಕ್ಕೆ ಬರೀ ಡಿಸ್ಟಿಲ್ಡ್ ನೀರು. ಮೂರಕ್ಕೂ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಹಾಕಿ. ನೀರು ಪಿಎಚ್ 2ರ ಹತ್ತಿರಕ್ಕೆ ಬೀಳುತ್ತದೆ. ಗಟ್ಟಿ ಬಫರ್ ಇಳಿಯುವುದು ಸುಮಾರು 0.2 ಮಾತ್ರ. ತೆಳು ಬಫರ್ ಆಮ್ಲ ಹಾಕುವ ಮುಂಚೆ ಗಟ್ಟಿಯದರಷ್ಟೇ ಪಿಎಚ್ ತೋರಿಸುತ್ತಿತ್ತು ಅಲ್ವಾ? ಅದು 2.3ರ ಆಸುಪಾಸಿಗೆ ಕುಸಿಯುತ್ತದೆ. ಅದರೊಳಗಿನ ಅಸಿಟೇಟೆಲ್ಲ ಅರ್ಧ ಆಮ್ಲಕ್ಕೇ ಖರ್ಚಾಗಿಹೋಗಿರುತ್ತದೆ.

ಡಿಸ್ಟಿಲ್ಡ್ ನೀರಿನ ಜಾಗದಲ್ಲಿ ಬೋರ್‌ವೆಲ್ ನೀರು ಇಟ್ಟರೆ ಲೆಕ್ಕ ತಪ್ಪುತ್ತದೆ. ಅದರಲ್ಲಿರುವ ಬೈಕಾರ್ಬೊನೇಟ್ ಒಂದಷ್ಟು ಆಮ್ಲವನ್ನು ತಾನೇ ನುಂಗುತ್ತದೆ.

ಉಳಿದ ಬಫರ್ ಫ್ರಿಜ್‌ನಲ್ಲಿರಲಿ, ಬಾಟಲಿಗೆ ತಾರೀಕು ಬರೆಯಿರಿ. ಬೂಸ್ಟಿನ ಎಳೆ ತೇಲುವುದು ಕಂಡರೆ ಸೋಸಿ ಬಳಸಬೇಡಿ, ಚೆಲ್ಲಿ.