ಚೀಸ್ ಕೊನೆಗೂ ಉಂಡೆಯೊಳಗೇ ಉಳಿಯಿತು

‘ಚಿಕನ್ ಕೀಮಾದೊಳಗೆ ಚೀಸ್ ನಿಲ್ಲುವುದಿಲ್ಲ, ಸುಮ್ಮನೆ ಮಟನ್‌ನಲ್ಲಿ ಮಾಡು’ ಎಂದು ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಕಳೆದ ವಾರ ಟೊಮೆಟೊ ಸಾಸಿಗೆ ಚೀಸ್ ತುಂಬಿದ 18 ಚಿಕನ್ ಕೀಮಾ ಉಂಡೆ ಬಿಟ್ಟೆ. 17 ಒಡೆಯದೆ ಎದ್ದು ಬಂದವು. ಉಳಿದ ಒಂದನ್ನು ಒಡೆದವನು ನಾನೇ. ಅದಕ್ಕೆ ಕಾರಣ ಮುಂದೆ ಇದೆ.

ಮೊದಲ ಸಲ ಎದೆ ಮಾಂಸದ ಕೀಮಾ, ನೀರಿನಲ್ಲಿ ತೇಲುವ ತಾಜಾ ಮೊಜರೆಲ್ಲಾ ಚೀಸ್ ತಂದಿದ್ದೆ. ಎರಡೂ ದುಬಾರಿ, ಎರಡೂ ದಂಡ. ಸಾಸಿನ ತುಂಬ ಬಿಳಿ ನೂಲು, ಉಂಡೆಯೊಳಗೆ ಬರೀ ಪೊಟರೆ. ಚೀಸಿನ ನೀರು ಹಬೆಯಾಗಿ ಸಿಕ್ಕ ಬಿರುಕಿನಿಂದ ಹೊರಬಿದ್ದಿತ್ತು. ಎರಡನೆಯ ಸಲ ಬಿಗಿಯಾಗಲೆಂದು ಬ್ರೆಡ್ ಪುಡಿ ಸುರಿದೆ. ಕೋಳಿಯ ರುಚಿಯೇ ಹೋಯಿತು. ಮೂರನೆಯ ಸಲ ಕೀಮಾವನ್ನು ಹತ್ತು ನಿಮಿಷ ನಾದಿದೆ. ಚೀಸೇನೋ ಒಳಗೇ ಉಳಿಯಿತು, ಆದರೆ ಉಂಡೆಯನ್ನು ನೆಲಕ್ಕೆ ಹಾಕಿದ್ದರೆ ಪುಟಿಯುತ್ತಿತ್ತು. ಇಷ್ಟರಲ್ಲಿ ಚೀಸಿಗೆ ಸುರಿದ ಹಣ ಕೋಳಿಯ ಲೆಕ್ಕವನ್ನು ದಾಟಿತ್ತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಆ ಮೌನವೇ ಸಾಕಾಗಿತ್ತು.

ಮಾಂಸ ಗಟ್ಟಿಯಾಗುವ ಮೊದಲೇ ಚೀಸ್ ಕರಗುತ್ತಿದ್ದುದೇ ರೋಗದ ಮೂಲ. ಈಗ ನೀರಿನಂಶ ಕಡಿಮೆ ಇರುವ ಮೊಜರೆಲ್ಲಾವನ್ನು ಸುಮಾರು 8 ಗ್ರಾಂ ತುಂಡು ಮಾಡಿ, ಎರಡು ಗಂಟೆ ಫ್ರೀಜರ್‌ನಲ್ಲಿಟ್ಟು ಕಲ್ಲಾಗಿಸುತ್ತೇನೆ. ಎದೆ ಮಾಂಸ ಬಿಟ್ಟು ತೊಡೆಗೆ ಬಂದೆ. ಕೊಬ್ಬೂ ಹೆಚ್ಚು, ಖರ್ಚೂ ಕಡಿಮೆ. ಅರ್ಧ ಕಿಲೋ ಕೀಮಾಗೆ ಹಾಲಿನಲ್ಲಿ ನೆನೆಸಿ ಹಿಚುಕಿದ ಎರಡು ತುಂಡು ಬ್ರೆಡ್ ಸಾಕು. ಮೊಟ್ಟೆ ಹಾಕುವುದಿಲ್ಲ. ಮೊದಲು ಉಪ್ಪು ಹಾಕಿ, ಬೆರಳಿಗೆ ಅಂಟುವವರೆಗಷ್ಟೇ ಕಲಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡುತ್ತೇನೆ.

ಕೈ ಒದ್ದೆ ಮಾಡಿಕೊಂಡು ಕೀಮಾವನ್ನು ಅಂಗೈಯಲ್ಲಿ ತಟ್ಟುವಾಗ ನಡುವೆ ದಪ್ಪ, ಅಂಚು ತೆಳ್ಳಗಿರಬೇಕು. ನಡುವೆ ಚೀಸ್ ತುಂಡು ಇಟ್ಟು ಮುಚ್ಚಿದಾಗ, ಅಂಚುಗಳು ಕೂಡುವಲ್ಲಿ ಎರಡು ಪದರ ಸೇರಿ ದಪ್ಪ ಸಮವಾಗುತ್ತದೆ. ಮುಚ್ಚಿದ ಮೇಲೆ ಒದ್ದೆ ಬೆರಳಿನಿಂದ ಆ ಗೆರೆಯನ್ನು ಕಾಣದಂತೆ ಸವರಿ, ಬಾಣಲೆಗೆ ಇಡುವಾಗ ಅದೇ ಭಾಗವನ್ನು ಮೊದಲು ಕೆಳಗೆ ಮಾಡುತ್ತೇನೆ. ಬಿಸಿಗೆ ಬೆಸುಗೆ ಬೀಳುತ್ತದೆ. ಇದನ್ನು ಕಂಡುಕೊಳ್ಳಲು ನನಗೆ ಐದಾರು ತಿಂಗಳು ಹಿಡಿಯಿತು.

ಆಮೇಲೆ ಉಂಡೆಗಳನ್ನು ಸಾಸಿಗೆ ಬಿಡುತ್ತೇನೆ. ಸಾಸ್ ಕೊತಕೊತ ಕುದಿಯಕೂಡದು. ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದರೆ ಸಾಕು. ಹನ್ನೆರಡು ನಿಮಿಷದ ಹೊತ್ತಿಗೆ ಒಂದು ಉಂಡೆಗೆ ಥರ್ಮಾಮೀಟರ್ ಚುಚ್ಚುತ್ತೇನೆ. ನಡುವೆ 74 ಡಿಗ್ರಿ ಸೆಲ್ಸಿಯಸ್ ತೋರಿಸಿದ ಮೇಲೆಯೇ ಇಳಿಸುವುದು. ಚುಚ್ಚಿದ್ದು ಸೋರುತ್ತದೆ, ಅದು ನನ್ನ ಪಾಲು. ಬಲಿಗೆ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸುತ್ತೇನೆ. ಅದು ಬೆಂದಿದ್ದರೆ ಉಳಿದವೂ ಬೆಂದಿರುತ್ತವೆ. ಹುಳಿ ಮುರಿಯಲು ಸಾಸಿಗೆ ಕೊನೆಯಲ್ಲಿ ಒಂದು ಚಮಚ ಏನೋ ಬೀಳುತ್ತದೆ. ಸಕ್ಕರೆಯಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

ಈ ಪ್ರಯೋಗಗಳ ನಡುವೆ ಒಮ್ಮೆ ಚೆಡ್ಡಾರ್ ಚೀಸ್ ತುಂಬಿ ನೋಡಿದೆ, ಎಣ್ಣೆ ಬಿಟ್ಟುಕೊಂಡಿತು. ಸಂಸ್ಕರಿಸಿದ ಚೀಸ್ ಸೋರಲಿಲ್ಲ, ಆದರೆ ಎಳೆದರೆ ದಾರ ಬರಲಿಲ್ಲ. ಟರ್ಕಿ ಕೋಳಿಯ ಕೀಮಾ ಒಣಗಿತು. ಅದಕ್ಕೆ ತುರಿದ ಈರುಳ್ಳಿಯನ್ನು ಹಿಂಡದೆ ರಸದ ಸಮೇತ ಸೇರಿಸಿದೆ, ಆಗ ಮಿಶ್ರಣ ನೀರಾಗಿ ಉಂಡೆಯೇ ನಿಲ್ಲಲಿಲ್ಲ. ಮುಂದಿನ ಸಲ ಅರ್ಧ ಹಿಂಡಿ ನೋಡಬೇಕು.