ವಂತಿಗೆ ಕೊಟ್ಟವರು, ಮೈ ಒಡ್ಡಿದವರು

ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಹಲವು ದೇಶಗಳು ಕೂಡಿ ಯುದ್ಧಕ್ಕಿಳಿದಾಗ ಯಾರ ಪಾಲು ಎಷ್ಟು ಎಂಬುದನ್ನು ಮೊದಲೆಲ್ಲ ಹಣದ ಲೆಕ್ಕದಲ್ಲೇ ಮುಗಿಸುತ್ತಿದ್ದೆ. ಕುವೈತನ್ನು ಆಕ್ರಮಿಸಿದ್ದ ಇರಾಕನ್ನು ಹೊರಗಟ್ಟಿದ 1991ರ ಕೊಲ್ಲಿ ಯುದ್ಧಕ್ಕೆ ಸುಮಾರು 6,100 ಕೋಟಿ ಡಾಲರ್ ತಗುಲಿತು, ಅದರಲ್ಲಿ 5,400 ಕೋಟಿಯಷ್ಟನ್ನು ಅಮೆರಿಕದ ಮಿತ್ರರು ಭರಿಸಿದರು ಎಂದು ಬರೆಸಿದೆ. ‘ಅಮೆರಿಕ ಹೆಚ್ಚೇನೂ ಹೊರಲಿಲ್ಲ’ ಎಂದು ಮಕ್ಕಳು ಪರೀಕ್ಷೆಯಲ್ಲಿ ಬರೆದರು. ಐದು ಲಕ್ಷ ಯೋಧರನ್ನು ಕಳಿಸಿದ ದೇಶ ಅದು! ತಪ್ಪು ನನ್ನ ಪಾಠದ್ದು.

ಮರುವರ್ಷ ದುಗ್ಗಮ್ಮನ ಜಾತ್ರೆಯಿಂದ ಶುರು ಮಾಡಿದೆ. ನಿಮ್ಮ ಓಣಿಯಲ್ಲಿ ಹಬ್ಬಕ್ಕೆ ಯಾರು ಏನು ಕೊಡುತ್ತಾರೆ ಎಂದು ಕೇಳಿದೆ. ಒಬ್ಬರು ವಂತಿಗೆ, ಇನ್ನೊಬ್ಬರು ಅಕ್ಕಿ, ಕೆಲವರು ರಾತ್ರಿಯಿಡೀ ಪಾತ್ರೆ ತೊಳೆಯುವ ದುಡಿಮೆ. ಹಲಗೆಯ ಮೇಲೆ ಹಣ, ಯೋಧರು, ಪ್ರಾಣ ಎಂದು ಮೂರು ಕಾಲಂ ಎಳೆದೆ.

ಜಪಾನಿನ ಸಾಲಿಗೆ ಬಂದಾಗ ತರಗತಿ ಗಪ್‌ಚಿಪ್ ಆಯಿತು. ಸಂವಿಧಾನದ ಕಟ್ಟಿನಿಂದಾಗಿ ಅದು ಸೈನ್ಯ ಕಳಿಸಲಿಲ್ಲ. ತೆರಿಗೆ ಏರಿಸಿ ಸುಮಾರು 1,300 ಕೋಟಿ ಡಾಲರ್ ಕೊಟ್ಟಿತು. ಯುದ್ಧ ಮುಗಿದ ಮೇಲೆ ಕುವೈತ್ ಅಮೆರಿಕದ ಪತ್ರಿಕೆಗಳಲ್ಲಿ ಕೃತಜ್ಞತೆಯ ಜಾಹೀರಾತು ಹಾಕಿಸಿದಾಗ ಜಪಾನಿನ ಹೆಸರೇ ಇರಲಿಲ್ಲ. ಆ ನೋವು ಅಲ್ಲಿ ಆಳವಾಗಿ ನಾಟಿತು. ಅದೇ ವರ್ಷ ಜಪಾನ್ ಕೊಲ್ಲಿಗೆ ಕಡಲ ಸಿಡಿಗುಂಡು ತೆಗೆಯುವ ಹಡಗುಗಳನ್ನು ಕಳಿಸಿತು, 1992ರಲ್ಲಿ ಶಾಂತಿಪಾಲನೆಗೆ ಪಡೆ ಕಳಿಸಲು ಕಾನೂನು ಮಾಡಿತು.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಸರ್, ಪೆಂಡಾಲ್ ಹಾಕಲು ಮನೆ ಮುಂದಿನ ಜಾಗ ಬಿಟ್ಟುಕೊಟ್ಟವರು ಯಾವ ಕಾಲಂನಲ್ಲಿ ಬರುತ್ತಾರೆ?” ನನಗದು ಹೊಳೆದೇ ಇರಲಿಲ್ಲ. ಸೀಮೆಸುಣ್ಣ ಅವಳ ಕೈಗೇ ಕೊಟ್ಟೆ. ‘ನೆಲ ಮತ್ತು ನಷ್ಟ’ ಎಂದು ಬರೆದಳು. ನೆಲ ಕೊಟ್ಟ ಸೌದಿ ಅರೇಬಿಯ, ಇರಾಕಿನ ತೈಲ ಕೊಳವೆ ಮುಚ್ಚಿ ಆದಾಯ ಕಳೆದುಕೊಂಡ ಟರ್ಕಿ ಅಲ್ಲಿ ಸೇರಿದವು.

ಕೊನೆಗೆ 2001ರಲ್ಲಿ ಶುರುವಾದ ಅಫ್ಘಾನಿಸ್ತಾನದ ಯುದ್ಧ. ಅಮೆರಿಕ ಕಳೆದುಕೊಂಡದ್ದು 2,400ಕ್ಕೂ ಹೆಚ್ಚು ಯೋಧರನ್ನು, ಡೆನ್ಮಾರ್ಕ್ 40ಕ್ಕೂ ಹೆಚ್ಚು. ಡೆನ್ಮಾರ್ಕಿನದು ಏನೂ ಅಲ್ಲ ಎಂದರು ಮಕ್ಕಳು. ಜನಸಂಖ್ಯೆಯಿಂದ ಭಾಗಿಸಿ ಎಂದೆ. ಎರಡೂ ಕಡೆ ಹತ್ತು ಲಕ್ಷ ಜನಕ್ಕೆ ಏಳೆಂಟು ಸಾವು ಬಂತು. ತಮ್ಮ ಲೆಕ್ಕ ತಪ್ಪಿರಬೇಕೆಂದು ಇಬ್ಬರು ಮತ್ತೆ ಮೊದಲಿನಿಂದ ಭಾಗಿಸತೊಡಗಿದರು. ಗಂಟೆ ಹೊಡೆದರೂ ಏಳಲಿಲ್ಲ.