ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ಜಾಹೀರಾತಿಗೆ ಕಡಿವಾಣ: ನಮ್ಮ ಅನುಭವ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರ ಗ್ರೂಪಿಗೆ ಅಡ್ಮಿನ್ ಆದವರು ಮೊದಲು ಹೆದರುವುದು 'ಮನೆಯಲ್ಲೇ ಕೂತು ದುಡಿಯಿರಿ' ಎಂದು ಬರುವ ಹೊರಗಿನ ನಂಬರುಗಳಿಗೆ. ಅವುಗಳನ್ನು ನಿಲ್ಲಿಸುವುದು ಸುಲಭ. ಕಷ್ಟ ಇರುವುದು ಒಳಗಿನವರ ವ್ಯಾಪಾರದಲ್ಲಿ. ಸಸಿ ಮಾರುವವರೂ ನಮ್ಮವರೇ, ಕೊನೆ ಕೊಯ್ಯಲು, ಔಷಧಿ ಹೊಡೆಯಲು ಬಳಸುವ ಉದ್ದನೆಯ ಕಾರ್ಬನ್ ದೋಟಿ ಬಾಡಿಗೆಗೆ ಕೊಡುವವರೂ ನಮ್ಮವರೇ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಹೊಸ ಔಷಧಿ ಬಂದಿದೆ ಎನ್ನುವವರೂ ಪಕ್ಕದೂರಿನವರೇ. ಅವರಿಗೆ ಮಾರಬೇಕು, ಉಳಿದವರಿಗೆ ಕೊಳ್ಳಲೂಬೇಕು. ಅದಕ್ಕೇ ನಾವು ಜಾಹೀರಾತನ್ನು ಪೂರ್ತಿ ನಿಷೇಧಿಸಲಿಲ್ಲ. ಅದಕ್ಕೊಂದು ದಿನ, ಒಂದು ರೂಪ ಗೊತ್ತು ಮಾಡಿದೆವು.

ಮೊದಲು ಬಾಗಿಲು ಭದ್ರ ಮಾಡಬೇಕು. ಗ್ರೂಪಿನ ಸೆಟ್ಟಿಂಗ್‌ನಲ್ಲಿ ಸದಸ್ಯರನ್ನು ಸೇರಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇರಲಿ, ಲಿಂಕ್ ಒತ್ತಿ ಬಂದವರು ಅಡ್ಮಿನ್ ಒಪ್ಪಿಗೆಗೆ ಕಾಯುವಂತಿರಲಿ. ಕಾಯುತ್ತಿರುವವರಿಗೆ ಎರಡೇ ಪ್ರಶ್ನೆ ಕಳಿಸುತ್ತೇವೆ: ಯಾವ ಊರು, ಯಾವ ಹೋಬಳಿ? ತೋಟದಲ್ಲಿ ಈಗ ಏನು ಕೆಲಸ ನಡೀತಿದೆ? ಬೆಳೆಗಾರರು ಎರಡನೆಯದಕ್ಕೆ ಒಂದು ಸಾಲಾದರೂ ಬರೆಯುತ್ತಾರೆ. ಸುಳ್ಳು ನಂಬರಿನವರು ಉತ್ತರವನ್ನೇ ಕೊಡುವುದಿಲ್ಲ. ಲಿಂಕ್ ಫೇಸ್‌ಬುಕ್ಕಿಗೆ ಬಿತ್ತೆಂದು ಗೊತ್ತಾದ ದಿನವೇ ಅದನ್ನು ರೀಸೆಟ್ ಮಾಡಬೇಕು. ಆದರೆ ಕ್ಯೂಆರ್ ಕೋಡನ್ನು ಅಚ್ಚು ಹಾಕಿಸಿ ಗೊಬ್ಬರದ ಅಂಗಡಿಯಲ್ಲಿ ಅಂಟಿಸಿದ್ದರೆ ರೀಸೆಟ್ ಆದೊಡನೆ ಅದೂ ಸತ್ತುಹೋಗುತ್ತದೆ. ನಾವು ಕೋಡ್ ಅಂಟಿಸುವುದನ್ನು ಬಿಟ್ಟು, ಒಬ್ಬ ಅಡ್ಮಿನ್‌ರ ನಂಬರ್ ಮಾತ್ರ ಬರೆಸುತ್ತೇವೆ.

ತೀರಾ ಅಪಾಯದ್ದು ಎಪಿಕೆ ಫೈಲು, ಅಂದರೆ ತೆರೆದರೆ ಫೋನಿಗೆ ಹೊಸ ಆ್ಯಪ್ ಹಾಕುವ ಫೈಲು. 'ಪಿಎಂ ಕಿಸಾನ್ ಪಟ್ಟಿ', 'ಆರ್‌ಟಿಒ ಚಲನ್' ಅಂಥ ಹೆಸರು ಹೊತ್ತು ಬರುತ್ತದೆ. ಇಲ್ಲಿ ಹೊಸ ಅಡ್ಮಿನ್‌ಗಳು ಎಡವುವುದು ಒಂದು ಕಡೆ: ಕಳಿಸಿದ ನಂಬರ್ ಗುರುತಿನವರದ್ದೇ ಆಗಿರುತ್ತದೆ. ಅವರೇನೂ ಕಳಿಸಿರುವುದಿಲ್ಲ, ಅವರ ಫೋನು ಮೊದಲೇ ಬೇರೆಯವರ ಕೈಗೆ ಹೋಗಿರುತ್ತದೆ. ನಾವು ಮಾಡುವುದು ಇಷ್ಟು. ಸ್ಕ್ರೀನ್‌ಶಾಟ್ ತೆಗೆದು, ಆ ನಂಬರನ್ನು ರಿಮೂವ್ ಮಾಡಿ, ಆಮೇಲೆ ಫೈಲನ್ನು ಎಲ್ಲರಿಗೂ ಡಿಲೀಟ್. ಮೊದಲು ಡಿಲೀಟ್ ಮಾಡುತ್ತ ಕೂತರೆ ಅಷ್ಟರಲ್ಲಿ ಮತ್ತೆರಡು ಬಂದಿರುತ್ತವೆ. ಆ ಮನೆಗೆ ವಾಟ್ಸಾಪಿನಲ್ಲಲ್ಲ, ಫೋನ್ ಮಾಡಿಯೇ ಹೇಳಬೇಕು: ಡೇಟಾ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಆ ಆ್ಯಪ್ ತೆಗೆಸಿ. ವಾಟ್ಸಾಪಿನಲ್ಲಿ ಲಿಂಕ್ ಆಗಿರುವ ಬೇರೆ ಸಾಧನಗಳನ್ನೆಲ್ಲ ಲಾಗ್ ಔಟ್ ಮಾಡಿ, ಆರಂಕಿಯ ಪಿನ್ ಹಾಕಿದ ಮೇಲೆ ಮರ್ಯಾದೆಯಿಂದ ಮತ್ತೆ ಸೇರಿಸುತ್ತೇವೆ. ಡಿಲೀಟ್ ಆದರೂ ಕೆಲವರು ಅಷ್ಟರಲ್ಲಿ ಫೈಲು ಇಳಿಸಿಕೊಂಡಿರುತ್ತಾರೆ. ಅದಕ್ಕೆ ಗ್ರೂಪಿನಲ್ಲಿ ಧ್ವನಿ ಸಂದೇಶವನ್ನೂ ಹಾಕಬೇಕು. ಬರೆದದ್ದನ್ನು ಓದದವರೂ ಅದನ್ನು ಕೇಳುತ್ತಾರೆ.

ಇನ್ನು ಸಂತೆ. ಮಾರಾಟಕ್ಕೇ ಬೇರೆ ಗ್ರೂಪ್ ಮಾಡಿ ನೋಡಿದೆವು, ನಡೆಯಲಿಲ್ಲ. ಅಲ್ಲಿ ಮಾರುವವರಷ್ಟೇ ಉಳಿದರು, ಕೊಳ್ಳುವವರು ಮ್ಯೂಟ್ ಮಾಡಿದರು. ಹದಿನೈದು ದಿನಕ್ಕೆ ಜಾಹೀರಾತು ವಾಪಸ್ ಇಲ್ಲಿಗೇ ಬಂತು. ಈಗ ಭಾನುವಾರ ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಇದೇ ಗ್ರೂಪಿನಲ್ಲಿ ಸಂತೆ. ಒಬ್ಬರಿಗೆ ಒಂದು ಪೋಸ್ಟ್, ಒಂದು ಫೋಟೊ. ಏನು, ಎಷ್ಟಿದೆ, ಬೆಲೆ, ಊರು, ಹೆಸರು, ನಂಬರ್ ಇರಲೇಬೇಕು. 'ಬೆಲೆಗೆ ಕರೆ ಮಾಡಿ' ಎಂದಿದ್ದರೆ ತೆಗೆಯುತ್ತೇವೆ. ಬೆಲೆ ಬರೆಸುವ ಈ ಒಂದು ನಿಯಮಕ್ಕೇ ಜಮೀನು ದಲ್ಲಾಳಿಗಳ ಪೋಸ್ಟ್ ಬಹುಪಾಲು ನಿಂತಿತು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನುತುಪ್ಪ ಮಾಡುವ ಹೆಂಗಸರಿಗೆ ಇದರಿಂದ ಅನುಕೂಲವೇ ಆಯಿತು. ಮೊದಲು ಅವರ ಪೋಸ್ಟ್ ನರ್ಸರಿಯವರ ಹತ್ತು ಫೋಟೊಗಳ ಅಡಿಯಲ್ಲಿ ಹೂತುಹೋಗುತ್ತಿತ್ತು.

ಹೀಗೆ ಎದುರಿಗೆ ಬರುವ ಜಾಹೀರಾತಿಗಿಂತ ವೇಷ ಹಾಕಿಕೊಂಡು ಬರುವುದನ್ನು ಹಿಡಿಯುವುದು ಮುಖ್ಯ. ಪುನರ್ವಸು, ಪುಷ್ಯ ಮಳೆ ಹಿಡಿದು ಕೊಳೆಯ ಭಯ ಹತ್ತಿದಾಗ ಒಂದು ನಂಬರಿನಿಂದ 'ಇದನ್ನ ಹೊಡೆದೆ, ಕೊಳೆ ನಿಂತೇಹೋಯ್ತು' ಎಂದು ಬರುತ್ತದೆ. ಐದು ನಿಮಿಷಕ್ಕೆ ಇನ್ನೊಂದು ನಂಬರ್ 'ಎಲ್ಲಿ ಸಿಗುತ್ತೆ ಅಣ್ಣ?' ಎನ್ನುತ್ತದೆ. ಮೂರನೆಯದು ಅಂಗಡಿಯ ನಂಬರ್ ಹಾಕುತ್ತದೆ. ಈಗ ಎಲೆಚುಕ್ಕಿ ರೋಗದ ಹೆಸರಲ್ಲೂ ಇದೇ ಆಟ. ಮೂರೂ ನಂಬರ್ ಒಂದೇ ವಾರದಲ್ಲಿ ಸೇರಿದ್ದವಾ ಎಂದು ಮೊದಲು ನೋಡಬೇಕು. ಆಮೇಲೆ ಗ್ರೂಪಿನಲ್ಲೇ ಸೌಮ್ಯವಾಗಿ ಕೇಳಬೇಕು: 100 ಲೀಟರಿಗೆ ಎಷ್ಟು ಹಾಕಿದ್ರಿ? ಯಾವ ತಾರೀಕು ಹೊಡೆದಿದ್ದು? ಎರಡನೇ ಸಲ ಎಷ್ಟು ದಿನಕ್ಕೆ? ನಿಜವಾದ ಬೆಳೆಗಾರರಿಗೆ ಇದು ಬಾಯಲ್ಲೇ ಇರುತ್ತದೆ. ಕೊಳೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಎಂದು ಥಟ್ಟನೆ ಹೇಳುತ್ತಾರೆ. ಮಾರಲು ಬಂದವರು 'ಡೀಲರ್ ಹೇಳ್ತಾರೆ' ಎನ್ನುತ್ತಾರೆ. ಪೀಡೆನಾಶಕವಾದರೆ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು. ನೋಂದಣಿ ಸಂಖ್ಯೆ ಓದಲು ಬರುವಂಥ ಲೇಬಲ್ ಫೋಟೊ ಇಲ್ಲದಿದ್ದರೆ ಪೋಸ್ಟ್ ಉಳಿಯುವುದಿಲ್ಲ. ಇದರಲ್ಲಿ ನಾವು ಯಾರ ದಾಕ್ಷಿಣ್ಯಕ್ಕೂ ಬಗ್ಗುವುದಿಲ್ಲ. ತಪ್ಪು ಔಷಧಿ ನಂಬಿ ಒಂದು ಸಿಂಪಡಣೆ ತಪ್ಪಿದರೆ ಆ ಮನೆಯ ವರ್ಷದ ಫಸಲೇ ಮಣ್ಣಿಗೆ ಉದುರುತ್ತದೆ.

ರೇಟಿನ ಪೋಸ್ಟ್ ಇನ್ನೊಂದು ವೇಷ. ವ್ಯಾಪಾರಿಗಳು ರಾಶಿ ಎಂಬ ಬಗೆಯ ಅಡಿಕೆಯ ಗರಿಷ್ಠ ದರ ಮಾತ್ರ ಹಾಕಿ ಮಾಲು ತಮ್ಮ ಕಡೆ ಎಳೆಯುತ್ತಾರೆ. ಗರಿಷ್ಠ ಎನ್ನುವುದು ಒಂದೇ ಒಂದು ಸಣ್ಣ ಲಾಟಿಗೆ ಬಿದ್ದ ದರವೂ ಆಗಿರಬಹುದು. ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲಿಗೆ ಸಿಕ್ಕ ದರ) ಮೂರೂ ಇರುವ ಮಾರುಕಟ್ಟೆಯ ಆ ದಿನದ ಪಟ್ಟಿ, ತಾರೀಕಿನ ಸಮೇತ ಇದ್ದರೆ ಮಾತ್ರ ಇಟ್ಟುಕೊಳ್ಳುತ್ತೇವೆ.

ಎರಡು ಬಾಣದ ಗುರುತಿನ, ಅಂದರೆ ಹಲವು ಸಲ ಫಾರ್ವರ್ಡ್ ಆದ ಸಂದೇಶವನ್ನು ಚರ್ಚೆಯಿಲ್ಲದೆ ತೆಗೆಯುತ್ತೇವೆ. ಶುಭೋದಯಕ್ಕೂ ಇದೇ ನಿಯಮ.

ತೆಗೆದ ಮೇಲೆ ಹೇಳುವ ರೀತಿ ದೊಡ್ಡದು. ನಾಳೆ ಇದೇ ಜನ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರುವವರು. ಗ್ರೂಪಿನಲ್ಲಿ ಯಾರನ್ನೂ ಬೈಯುವುದಿಲ್ಲ. ಬೇರೆಯಾಗಿ ಹೀಗೆ ಬರೆಯುತ್ತೇವೆ: 'ನಮಸ್ಕಾರ ಗೌಡ್ರೇ. ಸಸಿಯ ಪೋಸ್ಟ್ ಈಗ ತೆಗೆದಿದ್ದೇವೆ, ಇವತ್ತು ಬುಧವಾರ. ಭಾನುವಾರ ಬೆಲೆ ಬರೆದು ಹಾಕಿ, ನಾವೇ ಪಿನ್ ಮಾಡ್ತೀವಿ.' ಎರಡನೇ ಸಲವಾದರೆ ಫೋನ್. ಮೂರನೇ ಸಲ 30 ದಿನ ಹೊರಗೆ, ಯಾವ ತಾರೀಕಿಗೆ ಮತ್ತೆ ಸೇರಿಸುತ್ತೇವೆ ಎಂದು ಮೊದಲೇ ಹೇಳಿ. ಎಲ್ಲವನ್ನೂ ಅಡ್ಮಿನ್‌ಗಳ ಸಣ್ಣ ಗ್ರೂಪಿನಲ್ಲಿ ಬರೆದಿಡಬೇಕು: ತಾರೀಕು, ನಂಬರ್, ಏನು ಪೋಸ್ಟ್, ತೆಗೆದವರು ಯಾರು. 'ಅವರದ್ದು ಬಿಟ್ಟು ನಮ್ಮದು ಮಾತ್ರ ತೆಗೆದ್ರಿ' ಎಂಬ ಮಾತು ಬಂದೇ ಬರುತ್ತದೆ. ಆಗ ಈ ಪಟ್ಟಿಯಲ್ಲಿ ಅಡ್ಮಿನ್‌ರ ಭಾವನ ಪೋಸ್ಟೂ ಇದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಏನನ್ನಾದರೂ ಮಾರುವವರನ್ನು ಅಡ್ಮಿನ್ ಮಾಡಲೇಬಾರದು.

ಅಡ್ಮಿನ್‌ಗಳು ನಾಲ್ವರಿದ್ದರೆ ಸಾಕು, ಆದರೆ ಒಂದೇ ಊರಿನವರಾಗಬಾರದು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ, ಟವರಿನ ಬ್ಯಾಟರಿ ಮುಗಿದು ಒಂದಿಡೀ ಸೀಮೆಗೆ ನೆಟ್‌ವರ್ಕ್ ಇರುವುದಿಲ್ಲ. ಬೇರೆಯವರ ಸಂದೇಶವನ್ನು ಅಡ್ಮಿನ್ ಎಲ್ಲರಿಗೂ ಡಿಲೀಟ್ ಮಾಡಲು ಸುಮಾರು ಎರಡು ದಿನದ ಅವಕಾಶವಷ್ಟೇ ಇರುವುದು. ಮೂರನೇ ದಿನ ಸಿಗ್ನಲ್ ಬಂದು ಸಂದೇಶಗಳೆಲ್ಲ ಒಮ್ಮೆಗೇ ಸುರಿದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕೆ ಒಬ್ಬರಾದರೂ ಶಿವಮೊಗ್ಗ ಪೇಟೆಯಲ್ಲಿ ಇರುವವರಾಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಗ್ರೂಪ್ ತೆರೆದು ನೋಡುವ ಪಾಳಿ ಅವರದ್ದು.